ಒಂದೇ ರ‍್ಯಾಮ್‌ಗೆ ಐದು ಕಡೆ ಐದು ಬೆಲೆ: ಎಲ್ಲಿ ಕೊಳ್ಳಬೇಕು?

ಪ್ರಶ್ನೆ: ಮಗಳ ಓದಿಗೆಂದು ಬಿಡಿಭಾಗಗಳನ್ನು ತರಿಸಿ ಕಂಪ್ಯೂಟರ್ ಜೋಡಿಸಬೇಕೆಂದಿದ್ದೇವೆ. ಒಂದೇ ರ‍್ಯಾಮ್, ಒಂದೇ ಗ್ರಾಫಿಕ್ಸ್ ಕಾರ್ಡ್‌ಗೆ ಒಂದೊಂದು ಜಾಲತಾಣದಲ್ಲಿ ಒಂದೊಂದು ಬೆಲೆ ಇದೆ. ಕೆಲವು ಕಡೆ ಎರಡು ಮೂರು ಸಾವಿರ ರೂಪಾಯಿಗಳಷ್ಟು ವ್ಯತ್ಯಾಸ. ಎಲ್ಲಕ್ಕಿಂತ ಕಡಿಮೆ ಇರುವಲ್ಲಿ ಕೊಂಡುಬಿಡಬಹುದೇ? ಹಬ್ಬದ ಮಾರಾಟದವರೆಗೆ ಕಾಯುವುದು ಒಳ್ಳೆಯದೇ?

ಉತ್ತರ: ಅಷ್ಟು ವ್ಯತ್ಯಾಸ ಕಂಡರೆ ಮೊದಲು ಅದಕ್ಕೆ ಕಾರಣ ಹುಡುಕಿ, ಆಮೇಲೆ ದುಡ್ಡು ಕಟ್ಟಿ. ನಮ್ಮ ದೇಶದ ಹೆಚ್ಚಿನ ಅಂಗಡಿಗಳಿಗೆ ಸರಕು ಬರುವುದು ರಾಶಿ ಪೆರಿಫೆರಲ್ಸ್, ಆಕ್ರೋ ಎಂಜಿನಿಯರಿಂಗ್, ರೆಡಿಂಗ್ಟನ್ ಮುಂತಾದ ಕೆಲವೇ ವಿತರಕರಿಂದ. ಹಾಗಾಗಿ ಒಬ್ಬರು ಮಾತ್ರ ಎಲ್ಲರಿಗಿಂತ ತೀರಾ ಅಗ್ಗವಾಗಿ ಕೊಡುತ್ತಿದ್ದರೆ ಒಂದೋ ಆ ವಸ್ತು ಬೇರೆ, ಇಲ್ಲವೇ ಅದರ ಜೊತೆ ಬರಬೇಕಾದ ಏನೋ ಒಂದು ಬರುತ್ತಿಲ್ಲ.

ವಸ್ತುವೇ ಬೇರೆಯಾಗಿರುವುದು ನೀವು ಎಣಿಸುವುದಕ್ಕಿಂತ ಹೆಚ್ಚು. ಎನ್‌ವಿಡಿಯಾದ ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡನ್ನೇ ನೋಡಿ. 2022ರಲ್ಲಿ ಬಂದದ್ದರಲ್ಲಿ 8 ಜಿಬಿ ಮೆಮೊರಿ ಇತ್ತು. 2024ರಲ್ಲಿ ಅದೇ ಹೆಸರಿನಲ್ಲಿ 6 ಜಿಬಿಯ ಕಾರ್ಡ್ ಬಂತು. ಎರಡು ಜಿಬಿ ತಾನೇ ಕಡಿಮೆ ಎಂದುಕೊಂಡರೆ ಮೋಸ ಹೋದಿರಿ: ಒಳಗಿನ ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು) 2560ರಿಂದ 2304ಕ್ಕೆ ಇಳಿದವು, ಮೆಮೊರಿಯ ಹಾದಿ 128 ಬಿಟ್‌ನಿಂದ 96 ಬಿಟ್‌ಗೆ ಕಿರಿದಾಯಿತು. ಪ್ರೊಸೆಸರ್‌ನಲ್ಲೂ ಹೀಗೆಯೇ. ಎಎಂಡಿಯ ರೈಜನ್ 5 5500 ಮತ್ತು 5600 ಎರಡರಲ್ಲೂ ಆರು ಕೋರ್‌ಗಳಿವೆ, ಆದರೆ ಎಲ್3 ಕ್ಯಾಶ್ (ಪ್ರೊಸೆಸರ್‌ನೊಳಗೇ ಇರುವ ಪುಟ್ಟ, ವೇಗದ ಮೆಮೊರಿ) ಮೊದಲನೆಯದರಲ್ಲಿ 16 ಎಂಬಿ, ಎರಡನೆಯದರಲ್ಲಿ 32 ಎಂಬಿ. ಇಂಟೆಲ್ ಪ್ರೊಸೆಸರ್‌ನ ಸಂಖ್ಯೆಯ ಕೊನೆಗೆ ಎಫ್ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಅಗ್ಗವಾಯಿತೆಂದು ಅದನ್ನು ತಂದರೆ ಪರದೆಯ ಮೇಲೆ ಏನಾದರೂ ಕಾಣಲು ಬೇರೆ ಕಾರ್ಡ್ ಕೊಳ್ಳಲೇಬೇಕು.

ಆದ್ದರಿಂದ ಹೋಲಿಸಬೇಕಾದದ್ದು ಪಾರ್ಟ್ ನಂಬರನ್ನು. ಡಬ್ಬಿಯ ಮೇಲೂ ತಯಾರಕರ ಜಾಲತಾಣದಲ್ಲೂ ಇರುವ ಆ ಉದ್ದನೆಯ ಅಕ್ಷರಮಾಲೆಯನ್ನು ಬಿಡಿಸಿ ಓದಲು ಕಲಿಯುವುದು ಕಷ್ಟವೇನಲ್ಲ. ಕೋರ್ಸೇರ್ ಕಂಪನಿಯ ಒಂದು ರ‍್ಯಾಮ್‌ನ ಸಂಖ್ಯೆ ಹೀಗಿದೆ: ಸಿಎಂಕೆ16ಜಿಎಕ್ಸ್4ಎಂ2ಬಿ3200ಸಿ16. ಸಿಎಂಕೆ ಎಂದರೆ ವೆಂಜನ್ಸ್ ಎಲ್‌ಪಿಎಕ್ಸ್ ಶ್ರೇಣಿ, 16ಜಿ ಎಂದರೆ ಒಟ್ಟು 16 ಜಿಬಿ, ಎಕ್ಸ್4 ಎಂದರೆ ಡಿಡಿಆರ್4 ಎಂಬ ತಲೆಮಾರು, 3200 ಅದರ ವೇಗ, ಸಿ16 ಅದರ ಲೇಟೆನ್ಸಿ, ಅಂದರೆ ಕೇಳಿದ ಮಾಹಿತಿ ಕೊಡಲು ಅದು ಮಾಡುವ ತಡ. ನಡುವಿನ ಎಂ2 ಎಂಬುದನ್ನು ಗಮನಿಸಿ. ಎಂಟೆಂಟು ಜಿಬಿಯ ಎರಡು ಕಡ್ಡಿಗಳು ಎಂದು ಅದರ ಅರ್ಥ. ಅಲ್ಲಿ ಎಂ1 ಎಂದಿದ್ದರೆ 16 ಜಿಬಿಯ ಒಂದೇ ಕಡ್ಡಿ. ಎರಡು ಕಡ್ಡಿಗಳಿದ್ದರೆ ಮೆಮೊರಿಗೆ ಎರಡು ಚಾನೆಲ್, ಅಂದರೆ ಮಾಹಿತಿ ಓಡಾಡಲು ಎರಡು ದಾರಿ, ಸಿಗುತ್ತವೆ. ಮಗಳ ಕಂಪ್ಯೂಟರ್‌ಗೆ ಸದ್ಯಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಡವೆಂದು ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಅನ್ನೇ ನೆಚ್ಚಿಕೊಂಡರೆ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ, ಏಕೆಂದರೆ ಆ ಗ್ರಾಫಿಕ್ಸ್ ಬಳಸುವುದು ಇದೇ ರ‍್ಯಾಮನ್ನು. ಜಾಲತಾಣದಲ್ಲಿ ಇವೆರಡರ ಚಿತ್ರವೂ ಶೀರ್ಷಿಕೆಯೂ ಹೆಚ್ಚುಕಡಿಮೆ ಒಂದೇ ಇರುತ್ತವೆ. ಹುಡುಕುವಾಗ ಹೆಸರಿನ ಬದಲು ಈ ಸಂಖ್ಯೆಯನ್ನೇ ಹಾಕಿ ಹುಡುಕಿ.

ಸಂಖ್ಯೆ ಒಂದೇ ಆಗಿದ್ದೂ ಬೆಲೆ ಬೇರೆಯಾಗಿದ್ದರೆ ವಾರಂಟಿಯ ಕಡೆ ನೋಡಿ. ಡಬ್ಬಿಯಲ್ಲಿ ಬರುವ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಿಗೆ ಕಂಪನಿಯದೇ ಮೂರು ವರ್ಷದ ವಾರಂಟಿ ಇರುತ್ತದೆ. ಟ್ರೇ ಪ್ರೊಸೆಸರ್ ಎಂದು ಡಬ್ಬಿಯಿಲ್ಲದೆ ಮಾರುವವು ಕಂಪ್ಯೂಟರ್ ತಯಾರಕರಿಗೆಂದು ಸಗಟಾಗಿ ಬಂದವು. ಅವುಗಳಿಗೆ ಮಾರಿದವರು ಕೊಟ್ಟ ಮಾತೇ ವಾರಂಟಿ. ನಾಳೆ ಅಂಗಡಿ ಮುಚ್ಚಿದರೆ ಕೇಳುವವರಿಲ್ಲ. ಹೊರದೇಶದಿಂದ ನೇರವಾಗಿ ತರಿಸಿ ಮಾರುವ ಗ್ರಾಫಿಕ್ಸ್ ಕಾರ್ಡ್‌ಗಳದೂ ಇದೇ ಕಥೆ. ಹಲವು ಕಂಪನಿಗಳ ವಾರಂಟಿ ಕೊಂಡ ದೇಶಕ್ಕೇ ಸೀಮಿತ. ಅಮೆರಿಕದಲ್ಲಿರುವ ಅಣ್ಣನೋ ತಮ್ಮನೋ ಊರಿಗೆ ಬರುವಾಗ ತರಿಸಿಕೊಳ್ಳುವವರೂ ಇದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಬಿಲ್ ಇಲ್ಲದಿದ್ದರೆ ಇನ್ನೂರೋ ಮುನ್ನೂರೋ ಬಿಡುತ್ತೇವೆ ಎನ್ನುವವರ ಮಾತಿಗೆ ಕಿವಿಗೊಡಲೇಬೇಡಿ. ಕಂಪ್ಯೂಟರ್ ಬಿಡಿಭಾಗಗಳಿಗೆ ಶೇ 18ರಷ್ಟು ಜಿಎಸ್‌ಟಿ ಇದೆ. ನೀವು ಕೊಡುವ ₹11,800ರಲ್ಲಿ ₹1,800 ತೆರಿಗೆ. ಅದನ್ನು ಉಳಿಸಿಕೊಳ್ಳುವವರು ಅವರು, ವಾರಂಟಿ ಕಳೆದುಕೊಳ್ಳುವವರು ನೀವು. ಮನೆಯಲ್ಲಿ ಯಾರಿಗಾದರೂ ಜಿಎಸ್‌ಟಿ ನೋಂದಣಿಯಿರುವ ವ್ಯವಹಾರವಿದ್ದು, ಕಂಪ್ಯೂಟರ್ ಆ ವ್ಯವಹಾರಕ್ಕೇ ಆದರೆ, ಆ ನೋಂದಣಿ ಸಂಖ್ಯೆಯ ಮೇಲೆ ಬಿಲ್ ಮಾಡಿಸಿ, ಈ ತೆರಿಗೆಯನ್ನು ವ್ಯವಹಾರ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಹೊಂದಿಸಿಕೊಳ್ಳಬಹುದು. ಯಾವ ರಿಯಾಯಿತಿಯೂ ಅದಕ್ಕೆ ಸಮವಲ್ಲ.

ಇನ್ನು ಎಲ್ಲಿ ನೋಡಬೇಕು ಎಂಬುದು. ಅಮೆಜಾನ್, ಫ್ಲಿಪ್‌ಕಾರ್ಟ್ ಎಲ್ಲರಿಗೂ ಗೊತ್ತು. ಅವುಗಳಲ್ಲಿ ವಸ್ತುವಿನ ಪುಟ ಒಂದೇ ಇದ್ದರೂ ಮಾರುವವರು ಹಲವರಿರುತ್ತಾರೆ; ಮಾರಾಟಗಾರರ ಹೆಸರನ್ನು ಓದದೆ ಮುಂದೆ ಹೋಗಬೇಡಿ. ಬಿಡಿಭಾಗಗಳಿಗೆಂದೇ ಇರುವ ಅಂಗಡಿಗಳನ್ನು ಹೊಸಬರು ಮರೆಯುತ್ತಾರೆ. ಕೋಲ್ಕತ್ತಾದ ಎಂಡಿ ಕಂಪ್ಯೂಟರ್ಸ್, ವೇದಾಂತ್ ಕಂಪ್ಯೂಟರ್ಸ್, ಮುಂಬೈ ಲ್ಯಾಮಿಂಗ್ಟನ್ ರಸ್ತೆಯಿಂದ ಬೆಳೆದ ಪ್ರೈಮ್‌ಎಬಿಜಿಬಿ, ಚೆನ್ನೈನ ಐಟಿ ಡಿಪೋ ಇವೆಲ್ಲ ದೇಶದ ಯಾವ ಮೂಲೆಗಾದರೂ ಕಳಿಸುತ್ತವೆ. ಅಮೆಜಾನ್‌ನಲ್ಲಿ ಒಂದು ವಸ್ತುವಿನ ಬೆಲೆ ಹಿಂದಿನ ತಿಂಗಳುಗಳಲ್ಲಿ ಹೇಗೆ ಏರಿಳಿದಿದೆ ಎಂಬುದನ್ನು ಕೀಪಾ ಎಂಬ ತಾಣ ಗೆರೆ ಎಳೆದು ತೋರಿಸುತ್ತದೆ. ಆ ಗೆರೆಯನ್ನು ನೋಡಿದ ಮೇಲೆ ಎಂಆರ್‌ಪಿಯ ಮೇಲೆ ಶೇ 60 ಕಡಿತ ಎಂಬ ಕೆಂಪಕ್ಷರಕ್ಕೆ ನೀವು ಮರುಳಾಗುವುದಿಲ್ಲ, ಏಕೆಂದರೆ ಆ ಎಂಆರ್‌ಪಿಗೆ ಅದನ್ನು ಯಾರೂ ಎಂದೂ ಕೊಂಡಿರುವುದಿಲ್ಲ.

ಹಬ್ಬದ ಮಾರಾಟಕ್ಕೆ ಕಾಯುವ ವಿಷಯದಲ್ಲಿ ನನ್ನ ಉತ್ತರ ಅರ್ಧ ಹೌದು. ನವರಾತ್ರಿ, ದೀಪಾವಳಿಯ ಸುಮಾರಿಗೆ ಎಸ್‌ಎಸ್‌ಡಿ, ಮಾನಿಟರ್, ಕೀಲಿಮಣೆಗಳು ನಿಜವಾಗಿಯೂ ಇಳಿಯುವುದುಂಟು. ಆದರೆ ಬ್ಯಾಂಕ್ ಕಾರ್ಡ್‌ನ ಶೇ 10ರ ರಿಯಾಯಿತಿಗೆ ಮೇಲ್ಮಿತಿ ಇರುತ್ತದೆ. ಮಿತಿ ₹1,500 ಎಂದಿದ್ದರೆ ₹40,000ದ ಕಾರ್ಡ್ ಮೇಲೆ ಸಿಗುವುದು ಶೇ 4ಕ್ಕಿಂತ ಕಡಿಮೆ. ಬಡ್ಡಿರಹಿತ ಕಂತು ಎನ್ನುವುದರಲ್ಲೂ ಬ್ಯಾಂಕ್ ಬಡ್ಡಿ ಹಾಕುತ್ತದೆ. ಆ ಮೊತ್ತವನ್ನು ಅಂಗಡಿ ಬೆಲೆಯಿಂದ ಮೊದಲೇ ಕಳೆದಿರುತ್ತದೆ, ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ಮಾತ್ರ ನಿಮ್ಮ ತಲೆಗೆ. ಸಣ್ಣ ಅಂಗಡಿಗಳಲ್ಲಿ ಕ್ರೆಡಿಟ್ ಕಾರ್ಡ್‌ಗೆ ಹೆಚ್ಚುವರಿ ಶುಲ್ಕ ಸೇರಿಸುವವರಿದ್ದಾರೆ. ಯುಪಿಐ ಅಥವಾ ಬ್ಯಾಂಕ್ ವರ್ಗಾವಣೆಯಾದರೆ ಎಷ್ಟೆಂದು ಕೇಳಿ. ರ‍್ಯಾಮ್‌ಗೆ ಮಾತ್ರ ಹಬ್ಬವನ್ನು ನಂಬಿ ಕೂರಬೇಡಿ. ಎಐ ಡೇಟಾ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿದ್ದರಿಂದ 2025ರ ಕೊನೆಯಲ್ಲಿ ಬೆಲೆ ಜಿಗಿಯಿತು. ಅದೇ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿಯು ಕ್ರೂಷಿಯಲ್ ಹೆಸರಿನ ತನ್ನ ಗ್ರಾಹಕ ವ್ಯವಹಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಚಿಪ್ ತಯಾರಕರೇ ಹೀಗೆ ಹಿಂದೆ ಸರಿಯುವ ಸಮಯದಲ್ಲಿ ಹಬ್ಬದ ರಿಯಾಯಿತಿ ಎಷ್ಟನ್ನು ತಾನೇ ಇಳಿಸೀತು?

ಕ್ಯಾಬಿನೆಟ್ ಮತ್ತು ಮಾನಿಟರ್‌ಗಳನ್ನು ಆನ್‌ಲೈನ್‌ನಲ್ಲಿ ಕೊಳ್ಳುವ ಮುನ್ನ ಸಾಗಣೆಯ ಲೆಕ್ಕ ಹಾಕಿ. ಕೊರಿಯರ್‌ನವರು ಸಾಮಾನ್ಯವಾಗಿ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿ ತೂಕ ಕಟ್ಟುತ್ತಾರೆ. 55, 50, 28 ಸೆಂಟಿಮೀಟರ್ ಇರುವ ಕ್ಯಾಬಿನೆಟ್ ಡಬ್ಬಿ ನಿಜವಾಗಿ ಏಳೆಂಟು ಕಿಲೋ ಇದ್ದರೂ ಅವರ ಲೆಕ್ಕದಲ್ಲಿ 15.4 ಕಿಲೋ. ಬದಿಯ ಗಾಜು ಒಡೆಯುವ ಭಯ ಬೇರೆ. ಇಂಥವನ್ನು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ ನಿಮ್ಮೂರಿನ ಅಂಗಡಿಯಲ್ಲೋ ಕೈಯಾರೆ ನೋಡಿ ತರುವುದೇ ಮೇಲು. ಪಾರ್ಟ್ ನಂಬರ್ ಬರೆದ ಚೀಟಿ ಹಿಡಿದು, ಆನ್‌ಲೈನ್ ಬೆಲೆಯನ್ನು ಮೊಬೈಲ್‌ನಲ್ಲಿ ತೋರಿಸಿ, ‘ಬಿಲ್ ಸಮೇತ ಎಷ್ಟಕ್ಕೆ ಕೊಡುತ್ತೀರಿ’ ಎಂದು ಕೇಳಿದರೆ ಚೌಕಾಸಿ ಬೇಗ ಮುಗಿಯುತ್ತದೆ. ಇನ್ನೂರು ರೂಪಾಯಿ ಹೆಚ್ಚಾದರೂ ಕೆಟ್ಟಾಗ ಹೋಗಿ ನಿಲ್ಲಲು ಒಂದು ಕೌಂಟರ್ ಇರುತ್ತದೆಯಲ್ಲ, ಅದಕ್ಕೆ ನಾನು ಬೆಲೆ ಕೊಡುತ್ತೇನೆ.

ಪಾರ್ಸೆಲ್ ಬಂದಾಗ ಮುದ್ರೆ ಕಾಣುವಂತೆ ಮೊಬೈಲ್‌ನಲ್ಲಿ ವಿಡಿಯೊ ಮಾಡುತ್ತಲೇ ಬಿಚ್ಚಿ. ಒಡೆದದ್ದೋ ಬೇರೆಯದೋ ಬಂದಿದ್ದರೆ ಅಂಗಡಿಯವರು ಮೊದಲು ಕೇಳುವುದು ಅದನ್ನೇ. ಸೀರಿಯಲ್ ನಂಬರನ್ನು ತಯಾರಕರ ತಾಣದಲ್ಲಿ ಹಾಕಿ ವಾರಂಟಿ ಯಾವಾಗ ಮುಗಿಯುತ್ತದೆ ಎಂದು ನೋಡಿ. ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿಗಳನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ ಎಷ್ಟು ಗಂಟೆ ಓಡಿವೆ ಎಂಬುದು ಕಾಣುತ್ತದೆ. ಈ ಲೆಕ್ಕವನ್ನು ಅಳಿಸುವವರೂ ಇದ್ದಾರೆ: 2025ರ ಆರಂಭದಲ್ಲಿ ಜರ್ಮನಿಯಲ್ಲಿ, ಸಾವಿರಾರು ಗಂಟೆ ಓಡಿದ ಸೀಗೇಟ್ ಡಿಸ್ಕ್‌ಗಳನ್ನು ಹೊಸದೆಂದು ಮಾರಿದ್ದು ಬಯಲಾಯಿತು. ಡಿಸ್ಕ್ ತನ್ನೊಳಗೆ ಬೇರೆಯಾಗಿ ಇಟ್ಟುಕೊಳ್ಳುವ ಫಾರ್ಮ್ ಎಂಬ ದಾಖಲೆ ಅದನ್ನು ಹಿಡಿದುಕೊಟ್ಟಿತು. ದೋಷ ಕಂಡರೆ ಅದೇ ದಿನ ಬರವಣಿಗೆಯಲ್ಲಿ ದೂರು ಕೊಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಜಾಲತಾಣದ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದಾಗಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅದಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಿಲ್, ವಿಡಿಯೊ, ಸೀರಿಯಲ್ ನಂಬರ್ ಮೂರೂ ಕೈಯಲ್ಲಿರಲಿ.