ಕೊಡಗಿನ ಮಳೆಗೆ ಡಿಸ್ಕ್ ಬ್ರೇಕೋ, ರಿಮ್ ಬ್ರೇಕೋ?

ಪ್ರಶ್ನೆ: ಮಡಿಕೇರಿಯಲ್ಲಿದ್ದೇನೆ, ರೋಡ್ ಬೈಕ್ (ರಸ್ತೆಯಲ್ಲಿ ವೇಗವಾಗಿ ಓಡಿಸುವ ಸೈಕಲ್) ಕೊಳ್ಳಬೇಕು. ಡಿಸ್ಕ್ ಬ್ರೇಕ್ ಇದ್ದರೆ ಅರ್ಧ ದೂರದಲ್ಲೇ ನಿಲ್ಲುತ್ತದಂತೆ, ಹೌದೇ? ಯಾವುದು ತೆಗೆದುಕೊಳ್ಳಲಿ?

ಮಳೆಗಾಲದಲ್ಲೂ ಓಡಿಸುತ್ತೀರಾದರೆ ಹೈಡ್ರಾಲಿಕ್ ಡಿಸ್ಕ್, ಅಂದರೆ ಚಕ್ರದ ನಡುವಿನ ಲೋಹದ ತಟ್ಟೆಯನ್ನು (ರೋಟರ್) ದ್ರವದ ಒತ್ತಡದಿಂದ ಹಿಡಿಯುವ ಬ್ರೇಕ್, ತೆಗೆದುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೈಕನ್ನು ಗೋಡೆಗೆ ಒರಗಿಸಿಡುವವರಿಗೆ ಒಳ್ಳೆಯ ಡ್ಯುಯಲ್ ಪಿವಟ್ (ಎರಡು ಕೀಲಿನ) ರಿಮ್ ಬ್ರೇಕ್, ಅಂದರೆ ಚಕ್ರದ ಹೊರಬಳೆಯನ್ನೇ (ರಿಮ್) ಹಿಡಿಯುವ ಬ್ರೇಕ್, ಧಾರಾಳ ಸಾಕು. ಅಗ್ಗದ ಕೇಬಲ್ ಡಿಸ್ಕ್‌ಗೆ ಮಾತ್ರ ಮರುಳಾಗಬೇಡಿ. ಅದರಲ್ಲಿ ಸಾಮಾನ್ಯವಾಗಿ ಒಂದೇ ಪ್ಯಾಡ್ ಚಲಿಸಿ ರೋಟರನ್ನು ಬಗ್ಗಿಸಿ ಇನ್ನೊಂದಕ್ಕೆ ಒತ್ತುತ್ತದೆ, ಪ್ಯಾಡ್ ಸವೆದಂತೆಲ್ಲ ಕೈಯಾರೆ ಹತ್ತಿರ ತರಬೇಕು. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಕೇಬಲ್‌ಗೆ ತುಕ್ಕು ಹಿಡಿದರಂತೂ ಲಿವರ್ ಕಲ್ಲಾಗುತ್ತದೆ.

ಇನ್ನು ಆ ‘ಅರ್ಧ ದೂರ’. ಎಷ್ಟು ಸಲ ಹೇಳಿದರೂ ಸಾಯದ ಮಾತು. ಬ್ರೇಕ್ ಹಿಡಿಯುವುದು ಚಕ್ರವನ್ನು, ಬೈಕ್ ನಿಲ್ಲುವುದು ಟೈರಿನ ಹಿಡಿತದಿಂದ. ಒಣ ರಸ್ತೆಯಲ್ಲಿ ಮುಂದಿನ ಬ್ರೇಕನ್ನು ಒಂದು ಮಿತಿ ಮೀರಿ ಹಿಡಿದರೆ ಹಿಂದಿನ ಚಕ್ರ ಮೇಲೇಳುತ್ತದೆ. ವೇಗ ಇಳಿಯುವ ದರದಲ್ಲಿ ಹೇಳಿದರೆ ಆ ಮಿತಿ ಗುರುತ್ವ ವೇಗೋತ್ಕರ್ಷದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಅರ್ಧ ಎಂದೇ ಇಟ್ಟುಕೊಂಡು ಲೆಕ್ಕ ಹಾಕಿ: ಗಂಟೆಗೆ 40 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 12.5 ಮೀಟರ್ ಬೇಕು. ಸರಿಯಾಗಿ ಕೂರಿಸಿದ ರಿಮ್ ಬ್ರೇಕ್ ನಿಮ್ಮನ್ನು ಆ ಮಿತಿಗೆ ಆಗಲೇ ಮುಟ್ಟಿಸುತ್ತದೆ. ಡಿಸ್ಕಿನ ಹೆಚ್ಚುವರಿ ಬಲವನ್ನು ಎಲ್ಲಿಗೆ ಬಳಸುತ್ತೀರಿ?

ಮಳೆಯಲ್ಲಿ ವ್ಯತ್ಯಾಸ ಇದೆ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ರಿಮ್ ರಸ್ತೆಯ ನೀರಿಗೆ ತೀರಾ ಹತ್ತಿರ. ಪ್ಯಾಡ್ ಮೊದಲು ನೀರನ್ನು ಒರೆಸಬೇಕು, ಆಮೇಲೆ ಹಿಡಿತ. 25ರ (25 ಮಿ.ಮೀ. ಅಗಲದ) ಟೈರಿನ ಚಕ್ರ ಒಂದು ಸುತ್ತಿಗೆ 2.1 ಮೀಟರ್ ಸಾಗುತ್ತದೆ. ಒರೆಸಲು ಎರಡು ಸುತ್ತು ಹಿಡಿದರೂ 4 ಮೀಟರ್ ಹೋಯಿತು. ಡಿಸ್ಕ್ ಒತ್ತಿದ ಕೂಡಲೇ ಕಚ್ಚುತ್ತದೆ, ಬೆರಳಿನ ಒತ್ತಡಕ್ಕೆ ತಕ್ಕಷ್ಟೇ ಕಚ್ಚುತ್ತದೆ. ಲಾಭ ಅದು. ಆದರೆ ತೋಟದ ಗೇಟಿನೆದುರು ಟ್ರ್ಯಾಕ್ಟರ್ ಉದುರಿಸಿದ ಕೆಂಪು ಕೆಸರಿನ ಮೇಲೋ, ರಸ್ತೆಯಂಚಿನ ಪಾಚಿಯ ಮೇಲೋ ಹಿಡಿದರೆ ಎರಡೂ ಒಂದೇ ರೀತಿ ಜಾರುತ್ತವೆ.

ಇಲ್ಲಿ ಡಿಸ್ಕ್ ಬೇಕೆನ್ನುವುದಕ್ಕೆ ನನ್ನ ಮಟ್ಟಿಗೆ ದೊಡ್ಡ ಕಾರಣ ಬೇರೆ. ರಿಮ್ ಸವೆತ. ಮಳೆನೀರಿನ ಮರಳು ಪ್ಯಾಡಿನಲ್ಲಿ ಸಿಕ್ಕಿ ಅಲ್ಯೂಮಿನಿಯಂ ರಿಮ್ಮನ್ನು ಉಜ್ಜುತ್ತದೆ, ಎದ್ದ ಲೋಹದ ಚೂರು ಪ್ಯಾಡಿನಲ್ಲೇ ಕೂತು ಇನ್ನಷ್ಟು ಕೆರೆಯುತ್ತದೆ. ಕರಕರ ಸದ್ದು ಬಂದರೆ ಚಕ್ರ ಬಿಚ್ಚಿ ಪ್ಯಾಡ್ ನೋಡಿ, ಮಿನುಗುವ ಚೂರುಗಳನ್ನು ಪಿನ್ನಿನಿಂದ ಕಿತ್ತು ಮರಳು ಕಾಗದದಲ್ಲಿ ಉಜ್ಜಿ. ರಿಮ್ಮಿನ ಬದಿಯಲ್ಲಿ ಸವೆತ ತೋರಿಸುವ ಗೀರು ಅಥವಾ ಚುಕ್ಕಿ ಅಳಿಸಿದ್ದರೆ ರಿಮ್ಮಿನ ಆಯುಷ್ಯ ಮುಗಿಯಿತು. ಹಾಗೇ ಓಡಿಸಿದರೆ ಟೈರಿನ ಒತ್ತಡಕ್ಕೇ ಬದಿ ಸೀಳಬಹುದು. ಡಿಸ್ಕಿನಲ್ಲಿ ಸವೆಯುವುದು ಪ್ಯಾಡ್ ಮತ್ತು ರೋಟರ್. ಶಿಮಾನೊ ಕಂಪನಿಯ ರೋಟರ್ 1.5 ಮಿ.ಮೀ.ಗೆ, ಪ್ಯಾಡಿನ ಪದರ 0.5 ಮಿ.ಮೀ.ಗೆ ಇಳಿದರೆ ಬದಲಿಸಿ. ಮಳೆಗಾಲಕ್ಕೆ ಮೆಟಲ್ ಪ್ಯಾಡ್ ಹೆಚ್ಚು ಬಾಳುತ್ತದೆ, ಆದರೆ ‘ರೆಸಿನ್ ಪ್ಯಾಡ್ ಮಾತ್ರ’ ಎಂದು ರೋಟರಿನ ಮೇಲೆ ಬರೆದಿಲ್ಲ ತಾನೇ, ನೋಡಿಕೊಳ್ಳಿ.

ಸಂಪಾಜೆ ಘಾಟಿ ಇಳಿಯುವಾಗ ಉದ್ದಕ್ಕೂ ಬ್ರೇಕ್ ಒತ್ತಿ ಹಿಡಿಯಬೇಡಿ, ಯಾವ ಬ್ರೇಕೇ ಇರಲಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ಬಿಡಿ, ತಣಿಯಲಿ. ಕಾರ್ಬನ್ ರಿಮ್ಮಿಗೆ ರಿಮ್ ಬ್ರೇಕ್ ಹಾಕಿ ಈ ಘಾಟಿ ಇಳಿಯುವ ಷೋಕಿ ಬೇಡ. ಹಳೆಯ ಫ್ರೇಮಿಗೆ ಡಿಸ್ಕ್ ಕೂರಿಸಬಹುದೇ ಎಂದೂ ಕೇಳುತ್ತಾರೆ. ಆಗದು. ಕ್ಯಾಲಿಪರ್ (ಪ್ಯಾಡುಗಳನ್ನು ಹಿಡಿದು ಒತ್ತುವ ಭಾಗ) ಕೂರಿಸುವ ಜಾಗವೇ ಇರುವುದಿಲ್ಲ, ಫೋರ್ಕಿನ ಕಾಲು ಆ ಬಲಕ್ಕೆ ಮಾಡಿದ್ದೂ ಅಲ್ಲ.

ಯಾರೂ ಕೇಳದ್ದು ಟೈರಿನ ಅಗಲ. ಬಹುತೇಕ ರೋಡ್ ಬೈಕುಗಳ ರಿಮ್ ಕ್ಯಾಲಿಪರ್ 25ಕ್ಕೋ 28ಕ್ಕೋ ನಿಲ್ಲುತ್ತದೆ; ಈಗಿನ ಡಿಸ್ಕ್ ಫ್ರೇಮುಗಳಲ್ಲಿ ಹೆಚ್ಚಿನವಕ್ಕೆ 32 ಹಿಡಿಸುತ್ತದೆ. ಹಿಡಿತ ಹೆಚ್ಚಬೇಕಾದರೆ ಮೊದಲು ಇದನ್ನು ನೋಡಿ. 100 ಪಿಎಸ್‌ಐ ತುಂಬಿಸುವ ಹಠವೂ ಬೇಡ: 70 ಕೆ.ಜಿ. ತೂಕದವರಿಗೆ 32ರ ಟೈರಿನಲ್ಲಿ 60ರ ಆಸುಪಾಸು ಸಾಕು.

ಡಿಸ್ಕ್ ಕೊಂಡಮೇಲೆ ಚೈನಿಗೆ ಸ್ಪ್ರೇ ಎಣ್ಣೆ ಹೊಡೆಯಬೇಡಿ, ರೋಟರಿಗೆ ಸಿಡಿದರೆ ಪ್ಯಾಡ್ ಕೆಟ್ಟಂತೆ. ಕಾರಿಗೆ ತುಂಬಲು ಚಕ್ರ ಬಿಚ್ಚಿದಾಗ ಪ್ಯಾಡುಗಳ ನಡುವೆ ದಪ್ಪ ರಟ್ಟು ಸಿಕ್ಕಿಸಿಡಿ. ಅಷ್ಟರಲ್ಲಿ ಯಾರಾದರೂ ಲಿವರ್ ಒತ್ತಿಬಿಟ್ಟರೆ ಪಿಸ್ಟನ್ ಮುಂದೆ ಬಂದು ರೋಟರ್ ಒಳಗೆ ಹೋಗದು. ಪ್ಲಾಸ್ಟಿಕ್ ಟೈರ್ ಲಿವರಿನಿಂದ ನಿಧಾನವಾಗಿ ಹಿಂದಕ್ಕೆ ಒತ್ತಿ, ಸ್ಕ್ರೂಡ್ರೈವರಿನಿಂದಲ್ಲ.