ನೀಲಿ ಚುಕ್ಕೆಯ ಕೆಳಗೆ ಎಷ್ಟು ನೀರಿದೆ?

"ಅಣ್ಣ, ಎಲ್ಲಿದ್ದೀರಿ?"

"ಹನ್ನೆರಡು, ಮೂವತ್ತು, ಐವತ್ತು."

ಕಾಸರಗೋಡಿನ ಕಡಲಲ್ಲಿ ವಯರ್‌ಲೆಸ್ ಹಾಕಿಕೊಂಡು ಕೂತರೆ ಇಂಥ ಮಾತು ಎಷ್ಟು ಬೇಕಾದರೂ ಕಿವಿಗೆ ಬೀಳುತ್ತದೆ. ಹೇಳಿದ್ದು ಅಕ್ಷಾಂಶ. ದಿನಾ ಜೊತೆಯಲ್ಲೇ ಹೋಗುವವರಿಗೆ ಇಷ್ಟು ಸಾಕು. ಆದರೆ ಎಂಜಿನ್ ನಿಂತು ನೀರು ನುಗ್ಗುತ್ತಿರುವಾಗ, ಎಲ್ಲೋ ದೂರದಲ್ಲಿ ಕೂತು ಕೇಳಿಸಿಕೊಳ್ಳುವವರಿಗೆ ಇದು ಒಂದು ಜಾಗ ಅಲ್ಲ, ಮೂರು ಜಾಗ.

ಹೇಗೆ ಅಂತ ನೋಡೋಣ. ದೋಣಿಯ ಜಿಪಿಎಸ್ ಸೆಟ್ ಸಾಮಾನ್ಯವಾಗಿ ಡಿಗ್ರಿ ಮತ್ತು ಮಿನಿಟ್ (ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು) ತೋರಿಸುತ್ತದೆ. ಮಿನಿಟಿನ ಚೂರು ದಶಾಂಶದಲ್ಲಿರುತ್ತದೆ. ಅಂದರೆ 12 ಡಿಗ್ರಿ, 30.50 ಮಿನಿಟ್. ಕೇಳಿದವರು ಕೊನೆಯ ಐವತ್ತನ್ನು ಸೆಕೆಂಡ್ ಅಂದುಕೊಂಡರೆ 12 ಡಿಗ್ರಿ, 30 ಮಿನಿಟ್, 50 ಸೆಕೆಂಡ್ ಆಗುತ್ತದೆ. 30.50 ಮಿನಿಟ್ ಅಂದರೆ ನಿಜಕ್ಕೂ 30 ಮಿನಿಟ್ 30 ಸೆಕೆಂಡ್. ವ್ಯತ್ಯಾಸ 20 ಸೆಕೆಂಡ್. ಅಕ್ಷಾಂಶದ ಒಂದು ಮಿನಿಟ್ ಅಂದರೆ ಒಂದು ನಾಟಿಕಲ್ ಮೈಲಿ, 1852 ಮೀಟರ್. 20 ಸೆಕೆಂಡ್ ಅದರ ಮೂರನೇ ಒಂದು ಭಾಗ. ಆರುನೂರು ಮೀಟರಿಗೂ ಜಾಸ್ತಿ ತಪ್ಪಾಯಿತು. ರಾತ್ರಿ ನೀರಲ್ಲಿ ತಲೆ ಮಾತ್ರ ಮೇಲಿರುವ ಮನುಷ್ಯನನ್ನು ಹುಡುಕುವಾಗ ಇದು ಸಣ್ಣ ತಪ್ಪಲ್ಲ.

ಮೂರನೆಯದು ಇನ್ನೂ ಮೋಜಿನದು. ಮೊಬೈಲಿನ ನಕ್ಷೆ ಹೆಚ್ಚಾಗಿ ಬರೀ ಡಿಗ್ರಿಯನ್ನೇ ದಶಾಂಶದಲ್ಲಿ ಕೊಡುತ್ತದೆ. ಅದರಲ್ಲಿ 12.3050 ಅಂತ ಹಾಕಿದರೆ ಚುಕ್ಕೆ ಹೋಗಿ ಕೂರುವುದು 12 ಡಿಗ್ರಿ 18.3 ಮಿನಿಟಿನಲ್ಲಿ. ಕಾಸರಗೋಡಿನ ಎದುರು ಇರುವ ದೋಣಿಯನ್ನು ಕಾಞಂಗಾಡಿನ ಎದುರು ಹುಡುಕಿದ ಹಾಗಾಯಿತು. ಇಪ್ಪತ್ತೆರಡು ಕಿಲೋಮೀಟರ್ ದಕ್ಷಿಣಕ್ಕೆ! ಉಪಗ್ರಹದ ತಪ್ಪಲ್ಲ, ಸೆಟ್ಟಿನ ತಪ್ಪೂ ಅಲ್ಲ. ಹಾಗಾಗಿ ದೋಣಿಯ ಸೆಟ್ಟು, ಮೊಬೈಲು, ಮನೆಯವರ ಮೊಬೈಲು ಎಲ್ಲವನ್ನೂ ಒಂದೇ ಮಾದರಿಗೆ ಇಟ್ಟುಕೊಳ್ಳಬೇಕು. ಹೇಳುವಾಗ "ಡಿಗ್ರಿ", "ಪಾಯಿಂಟ್", "ಮಿನಿಟ್" ಎಂಬ ಮಾತು ನುಂಗಬಾರದು. ರೇಖಾಂಶವನ್ನೂ ಬಿಡಬಾರದು.

ಇನ್ನು ಆ ಸಂಖ್ಯೆ ಬರುವುದೆಲ್ಲಿಂದ? ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಜಿಪಿಎಸ್ ಉಪಗ್ರಹಗಳು ಹನ್ನೆರಡು ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತಿರುತ್ತವೆ. ಒಂದೊಂದರಲ್ಲೂ ಅಣು ಗಡಿಯಾರ ಇದೆ. "ಈಗ ಸಮಯ ಇಷ್ಟು, ನಾನಿರುವುದು ಇಲ್ಲಿ" ಅಂತ ಅವು ಬಿಡದೆ ಹೇಳುತ್ತಲೇ ಇರುತ್ತವೆ. ಕಳಿಸುವ ಶಕ್ತಿ ಹಳೇ ಕಾಲದ ಒಂದು ಬಲ್ಬಿನಷ್ಟು, ಐವತ್ತು ವ್ಯಾಟಿನ ಆಸುಪಾಸು. ನಮ್ಮ ಸೆಟ್ಟು ಮಾತು ಬರಲು ಹಿಡಿದ ಹೊತ್ತನ್ನು ಅಳೆದು ದೂರ ಲೆಕ್ಕ ಹಾಕುತ್ತದೆ. ಜಾಗ ಹಿಡಿಯಲು ಮೂರು ದೂರ ಸಾಕಲ್ವಾ ಅನ್ನಿಸಬಹುದು. ಆದರೆ ನಮ್ಮ ಸೆಟ್ಟಿನ ಗಡಿಯಾರ ಅಗ್ಗದ್ದು. ಅದರ ತಪ್ಪನ್ನು ಕಂಡುಹಿಡಿಯಲು ನಾಲ್ಕನೇ ಉಪಗ್ರಹ ಬೇಕು. ಬೆಳಕು ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ 30 ಸೆಂಟಿಮೀಟರ್ ಓಡುತ್ತದೆ. ಗಡಿಯಾರ ಅಷ್ಟು ನಿಖರವಾಗಿರಬೇಕು. ಐನ್‌ಸ್ಟೈನ್ ಹೇಳಿದ ಹಾಗೆ ಮೇಲಿರುವ ಗಡಿಯಾರ ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ತಿದ್ದದಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರ್ ತಪ್ಪಾಗುತ್ತಿತ್ತು.

ತಿದ್ದಿದ್ದಾರೆ. ಹಾಗಾಗಿ ತೆರೆದ ಕಡಲಿನಲ್ಲಿ ಐದಾರು ಮೀಟರಿನೊಳಗೆ ನಮ್ಮ ಜಾಗ ಗೊತ್ತಾಗುತ್ತದೆ. ಕಟ್ಟಡವಿಲ್ಲ, ಮರವಿಲ್ಲ, ತಲೆ ಮೇಲೆ ಬರೀ ಆಕಾಶ. ಜಿಪಿಎಸ್ಸಿಗೆ ಕಡಲಿಗಿಂತ ಒಳ್ಳೆಯ ಜಾಗವೇ ಇಲ್ಲ. ಮೊಬೈಲ್ ಟವರ್ ಕೂಡ ಬೇಡ. ಸಿಮ್ ತೆಗೆದಿಟ್ಟರೂ ಕೆಲಸ ನಡೆಯುತ್ತದೆ, ಮೊದಲ ಬಾರಿ ಉಪಗ್ರಹ ಹಿಡಿಯಲು ಸ್ವಲ್ಪ ಹೊತ್ತು ಜಾಸ್ತಿ ಬೇಕಾಗಬಹುದು ಅಷ್ಟೆ.

ತೊಂದರೆ ಶುರುವಾಗುವುದು ಈ ನಿಖರತೆಯಿಂದಲೇ. ಮೊಬೈಲಿನ ಸಾಮಾನ್ಯ ನಕ್ಷೆ ತೆರೆದು ನೋಡಿ. ದಡ ಬಿಟ್ಟ ಮೇಲೆ ಎಲ್ಲಾ ಒಂದೇ ನೀಲಿ, ಅದರ ಮೇಲೆ ಒಂದು ಚುಕ್ಕೆ. ನೀರು ಇಪ್ಪತ್ತು ಮಾರು ಇದ್ದರೂ ಅದೇ ನೀಲಿ, ಮೊಣಕಾಲುದ್ದ ಇದ್ದರೂ ಅದೇ ನೀಲಿ. ಕೆಳಗೆ ಪಾರೆಯಿದೆಯೋ ಮರಳಿದೆಯೋ ಜಿಪಿಎಸ್ಸಿಗೆ ಗೊತ್ತಿಲ್ಲ. ಅದನ್ನು ಹೇಳುವುದು ಚಾರ್ಟ್.

ನಮ್ಮ ದೇಶದ ಕಡಲ ಚಾರ್ಟುಗಳನ್ನು ಮಾಡುವುದು ಡೆಹ್ರಾಡೂನಿನಲ್ಲಿರುವ ರಾಷ್ಟ್ರೀಯ ಹೈಡ್ರೋಗ್ರಾಫಿಕ್ ಕಚೇರಿ. ಕಡಲಿನ ನಕ್ಷೆ ಹಿಮಾಲಯದ ಬುಡದಲ್ಲಿ ತಯಾರಾಗುತ್ತದೆ! ಚಾರ್ಟಿನ ಮೇಲೆ ಚೆಲ್ಲಿದಂತೆ ಕಾಣುವ ಸಣ್ಣ ಸಣ್ಣ ಅಂಕಿಗಳೆಲ್ಲ ಆಳ. ಅಂಕಿಯ ಪಕ್ಕದ ಇಂಗ್ಲಿಷ್ ಅಕ್ಷರ ತಳ ಎಂಥದು ಅಂತ ಹೇಳುತ್ತದೆ: ಎಸ್ ಇದ್ದರೆ ಮರಳು, ಎಂ ಇದ್ದರೆ ಕೆಸರು, ಆರ್ ಇದ್ದರೆ ಬಂಡೆ. ಕೂಡಿಸುವ ಚಿಹ್ನೆ ಕಂಡರೆ ನೀರಿನಡಿ ಅಪಾಯದ ಬಂಡೆಯಿದೆ ಅಂತ. ನಕ್ಷತ್ರದಂಥ ಚಿಹ್ನೆ ಇಳಿತದಲ್ಲಿ ತಲೆ ತೋರಿಸಿ ಭರತದಲ್ಲಿ ಮುಳುಗುವ ಬಂಡೆ. ಅಂಕಿಯ ಕೆಳಗೆ ಗೆರೆ ಎಳೆದಿದ್ದರೆ ಅದು ಆಳವೇ ಅಲ್ಲ, ಇಳಿತದಲ್ಲಿ ಆ ಜಾಗ ಅಷ್ಟು ಮೇಲೆದ್ದು ಒಣಗುತ್ತದೆ.

ಆಳದ ಅಂಕಿ ಓದುವ ಮೊದಲು ಚಾರ್ಟಿನ ತಲೆಬರಹದ ಹತ್ತಿರ ಮೀಟರ್ ಅಂತ ಇದೆಯೋ ಫ್ಯಾದಮ್ ಅಂತ ಇದೆಯೋ ನೋಡಬೇಕು. ಫ್ಯಾದಮ್ ಅಂದರೆ ಆರಡಿ, ನಮ್ಮ ಒಂದು ಮಾರು. ಮಾರಿನಲ್ಲೇ ಲೆಕ್ಕ ಹಾಕಿ ಬೆಳೆದವರು ಮೀಟರಿನ 5 ನೋಡಿ ಐದು ಮಾರು ಅಂದುಕೊಂಡರೆ, ಐದು ಮೀಟರ್ ನೀರಿರುವಲ್ಲಿ ಒಂಬತ್ತು ಮೀಟರ್ ಇದೆ ಅಂತ ನಂಬಿದ ಹಾಗೆ. ಈ ಆಳವೂ ಇಳಿತದಲ್ಲಿ ನೀರು ತುಂಬಾ ಕೆಳಗೆ ಹೋದ ಹೊತ್ತಿನದು. ಸಾಮಾನ್ಯವಾಗಿ ನಿಜವಾದ ನೀರು ಸ್ವಲ್ಪ ಜಾಸ್ತಿಯೇ ಇರುತ್ತದೆ. ಆದರೆ ತೆರೆ ಎದ್ದಾಗ ಎರಡು ತೆರೆಗಳ ನಡುವಿನ ತಗ್ಗಿನಲ್ಲಿ ಆ ಜಾಸ್ತಿ ಮಾಯ.

ಸ್ಕೇಲು ಕೂಡ ನೆನಪಿರಬೇಕು. 1:3,00,000 ಅಳತೆಯ ಚಾರ್ಟಿನಲ್ಲಿ ಒಂದು ಮಿಲಿಮೀಟರ್ ಅಂದರೆ ಕಡಲಿನಲ್ಲಿ 300 ಮೀಟರ್. ಪೆನ್ಸಿಲಿನ ಗೆರೆಯೇ ನೂರು ಮೀಟರಿನಷ್ಟು ಅಗಲ. ಪರದೆಯ ಚಾರ್ಟನ್ನು ಬೆರಳಲ್ಲಿ ಹಿಗ್ಗಿಸಿ ದೋಣಿಯಷ್ಟೇ ದೊಡ್ಡದು ಮಾಡಿಕೊಂಡರೂ, ಅಳೆದವರು ಅಳೆಯದೆ ಬಿಟ್ಟ ಜಾಗದಲ್ಲಿ ಹೊಸ ಆಳ ಹುಟ್ಟುವುದಿಲ್ಲ. ಹಳೇ ಕಾಗದದ ಚಾರ್ಟಾದರೆ ಇನ್ನೊಂದು ಕಿರಿಕಿರಿ. ಅದರಲ್ಲಿ ಭೂಮಿಯ ಆಕಾರದ ಲೆಕ್ಕವೇ ಬೇರೆ. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಎಂಬ ಲೆಕ್ಕ. ಎವರೆಸ್ಟ್ ಎಂಬ ಹಳೇ ಲೆಕ್ಕದ ಚಾರ್ಟಿನ ಮೇಲೆ ಆ ಸಂಖ್ಯೆಯನ್ನು ಸೀದಾ ಹಾಕಿದರೆ ನಮ್ಮ ಕಡೆ ನೂರು ಮೀಟರಿಗೂ ಮೇಲೆ ಜರುಗಿರುತ್ತದೆ. ಯಾವ ಲೆಕ್ಕ ಅಂತ ಚಾರ್ಟಿನ ಮೇಲೆಯೇ ಬರೆದಿರುತ್ತಾರೆ. ಓದುವವರು ಕಡಿಮೆ.

ಸೆಟ್ಟಿನಲ್ಲಿ "ಗೋ ಟು" ಒತ್ತಿದರೆ ಬಂದರಿಗೆ ಒಂದು ನೇರ ಗೆರೆ ಬರುತ್ತದೆ. ನನಗೆ ಎಲ್ಲಕ್ಕಿಂತ ಅನುಮಾನ ಈ ಗೆರೆಯ ಮೇಲೆ. ಅದು ಪಾರೆಯ ಮೇಲೂ ಹೋಗುತ್ತದೆ, ಬ್ರೇಕ್‌ವಾಟರಿನ ಕಲ್ಲಿನ ಮೇಲೂ ಹೋಗುತ್ತದೆ. ಆ ಗೆರೆಯನ್ನು ಚಾರ್ಟಿನ ಮೇಲೆ ಮೊದಲೇ ಎಳೆದು ನೋಡಿ, ಅಡ್ಡ ಬರುವುದನ್ನು ಸುತ್ತಿ ಹೋಗುವಂತೆ ಎರಡು ಮೂರು ಪಾಯಿಂಟ್ ಹಾಕಿಕೊಳ್ಳಬೇಕು. ದಡದಲ್ಲಿ ಕೂತು ಚಾ ಕುಡಿಯುತ್ತಾ ಮಾಡಿ ಮುಗಿಸುವ ಕೆಲಸ ಇದು, ಗಾಳಿಮಳೆಯಲ್ಲಿ ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದು ಮಾಡುವಂಥದ್ದಲ್ಲ.

ನೀರಿನ ಸೆಳೆತವೂ ಇದೆ. ನಮ್ಮ ಪಶ್ಚಿಮ ಕರಾವಳಿಯ ಪ್ರವಾಹ ವರ್ಷದಲ್ಲಿ ದಿಕ್ಕು ಬದಲಿಸುತ್ತದೆ. ಮಳೆಗಾಲದಲ್ಲಿ ದಕ್ಷಿಣಕ್ಕೆ, ನವೆಂಬರಿನಿಂದ ಫೆಬ್ರವರಿವರೆಗೆ ಉತ್ತರಕ್ಕೆ. ಡಿಸೆಂಬರಿನಲ್ಲಿ ಕಾಸರಗೋಡಿನಿಂದ 18 ನಾಟಿಕಲ್ ಮೈಲಿ ಪಶ್ಚಿಮದಲ್ಲಿದ್ದೀರಿ ಅಂದುಕೊಳ್ಳಿ. ದೋಣಿಯ ವೇಗ ಆರು ನಾಟ್, ಅಂದರೆ ಗಂಟೆಗೆ ಆರು ನಾಟಿಕಲ್ ಮೈಲಿ, ಸೆಳೆತ ಒಂದು ನಾಟ್. ದಿಕ್ಸೂಚಿ ನೋಡಿಕೊಂಡು ನೇರ ಪೂರ್ವಕ್ಕೆ ಬಂದರೆ ಮೂರು ಗಂಟೆಯಲ್ಲಿ ಮೂರು ಮೈಲಿ ಉತ್ತರಕ್ಕೆ ಹೋಗಿರುತ್ತೀರಿ. ಕಾಸರಗೋಡು ಅಂತ ಬಂದವರು ಮುಟ್ಟುವುದು ಮೊಗ್ರಾಲಿನ ಆಸುಪಾಸು. ಮೂತಿಯನ್ನು ಸುಮಾರು ಹತ್ತು ಡಿಗ್ರಿ ದಕ್ಷಿಣಕ್ಕೆ ಇಟ್ಟುಕೊಂಡರೆ ದಾರಿ ನೆಟ್ಟಗಾಗುತ್ತದೆ. ಜಿಪಿಎಸ್ ತೋರಿಸುವುದು ದೋಣಿ ನಿಜವಾಗಿ ಸಾಗುತ್ತಿರುವ ದಿಕ್ಕು, ಮೂತಿ ತಿರುಗಿರುವ ದಿಕ್ಕಲ್ಲ. ದೋಣಿ ನಿಂತರೆ ಅದಕ್ಕೆ ದಿಕ್ಕೇ ಗೊತ್ತಾಗುವುದಿಲ್ಲ. ಹಾಗಾಗಿ ದಿಕ್ಸೂಚಿ ಬೇಕೇ ಬೇಕು. ಅದರ ಪಕ್ಕ ಮೊಬೈಲು, ಸ್ಪೀಕರು, ಕತ್ತಿ ಇಡಬಾರದು.

ಇನ್ನು ಅಳಿವೆ, ಹೊಳೆ ಕಡಲು ಸೇರುವ ಬಾಯಿ. ಕಾಸರಗೋಡು ಜಿಲ್ಲೆಯಲ್ಲಿ ಹನ್ನೆರಡು ಹೊಳೆಗಳಿವೆ ಅಂತ ಲೆಕ್ಕ. ಉಪ್ಪಳ, ಶಿರಿಯಾ, ಮೊಗ್ರಾಲ್, ಚಂದ್ರಗಿರಿ ಎಲ್ಲವೂ ಮಳೆಗಾಲದಲ್ಲಿ ಮರಳು ಹೊತ್ತು ತರುತ್ತವೆ, ಕಡಲು ಅದನ್ನು ತಳ್ಳಿ ತನಗೆ ಬೇಕಾದಲ್ಲಿ ದಿಬ್ಬ ಮಾಡುತ್ತದೆ. ಕಳೆದ ವರ್ಷದ ಬಾಗಿಲು ಈ ವರ್ಷ ಅಲ್ಲೇ ಇರಬೇಕೆಂದಿಲ್ಲ. ಯಾವ ಚಾರ್ಟೂ ಇದರ ಹಿಂದೆ ಓಡಲಾರದು. ಸೆಟ್ಟಿನಲ್ಲಿ ಉಳಿಸಿಟ್ಟ ಹಳೇ ಟ್ರ್ಯಾಕ್ ನಂಬಿ ಕತ್ತಲಲ್ಲಿ ಅಳಿವೆಗೆ ನುಗ್ಗುವುದು ಹುಚ್ಚಾಟ. ಒಂದು ಮೀಟರ್ ಎತ್ತರದ ತೆರೆ ಸುಮಾರು 1.3 ಮೀಟರ್ ನೀರಿರುವಲ್ಲಿ ಒಡೆಯುತ್ತದೆ. ಅಂದರೆ ಬಿಳಿ ನೊರೆ ಎಲ್ಲಿ ಸಾಲಾಗಿ ಕಾಣುತ್ತದೋ ಅಲ್ಲಿ ಆಳ ಎಷ್ಟು ಅಂತ ಕಡಲೇ ಬರೆದು ತೋರಿಸುತ್ತಿದೆ. ಇಳಿತದ ನೀರು ಹೊಳೆಯಿಂದ ರಭಸವಾಗಿ ಹೊರಗೆ ಬರುತ್ತಾ ಎದುರಿನ ತೆರೆಗೆ ಗುದ್ದುವಾಗ ತೆರೆ ಇನ್ನೂ ಕಡಿದಾಗುತ್ತದೆ. ಹಿರಿಯರು ಹೊರಗೇ ನಿಂತು ಭರತಕ್ಕೆ ಕಾಯುವುದು ಸುಮ್ನೆ ಅಲ್ಲ.

ಅವರ ಇನ್ನೊಂದು ವಿದ್ಯೆಯನ್ನೂ ಬಿಡಬಾರದು. ಮುಂದಿನ ಒಂದು ಗುರುತು, ಹಿಂದಿನ ಒಂದು ಗುರುತು. ಬೇಕಲ ಕೋಟೆಯ ಬುರುಜು ಹಿಂದಿನ ಗುಡ್ಡದ ತಲೆಗೆ ಸರಿಯಾಗಿ ಕೂತಿತು ಅಂದರೆ ನೀವು ಒಂದು ಗೆರೆಯ ಮೇಲಿದ್ದೀರಿ. ಬೇರೆ ದಿಕ್ಕಿನಲ್ಲಿ ಅಂಥದೇ ಇನ್ನೊಂದು ಜೋಡಿ ಸಿಕ್ಕರೆ ಎರಡು ಗೆರೆ ಸೇರುವಲ್ಲಿ ನಿಮ್ಮ ಜಾಗ. ಬ್ಯಾಟರಿ ಬೇಡ, ಉಪಗ್ರಹವೂ ಬೇಡ. ಹವೆ ತಿಳಿಯಾಗಿದ್ದರೆ ಪೊಸಡಿ ಗುಂಪೆ ಗುಡ್ಡ ಕಡಲಿನಿಂದ ಬಹಳ ದೂರದವರೆಗೆ ಕಾಣುತ್ತದೆ, ತಗ್ಗಿನ ದಡ ಕಾಣುವುದು ಏಳೆಂಟು ಮೈಲಿಯೊಳಗೆ ಬಂದ ಮೇಲೆ. ರಾತ್ರಿ ದೀಪಸ್ತಂಭಗಳಿವೆ. ಪ್ರತಿ ದೀಪಕ್ಕೂ ತನ್ನದೇ ಮಿನುಗು, ಎಷ್ಟು ಸೆಕೆಂಡಿಗೊಮ್ಮೆ ಎಷ್ಟು ಸಲ ಅಂತ ಚಾರ್ಟಿನಲ್ಲಿರುತ್ತದೆ. ಜಿಪಿಎಸ್ ಹೇಳಿದ್ದಕ್ಕೂ ಕಣ್ಣಿಗೆ ಕಂಡಿದ್ದಕ್ಕೂ ತಾಳೆಯಾಗದಿದ್ದರೆ ಎಂಜಿನ್ ನಿಧಾನ ಮಾಡಬೇಕು, ಆಮೇಲೆ ಯಾರು ಸರಿ ಅಂತ ಯೋಚಿಸಬೇಕು.

ಹಳೇ ಸೆಟ್ಟಿನದು ಒಂದು ತಮಾಷೆಯಿದೆ. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ. 2019ರ ಏಪ್ರಿಲಿನಲ್ಲಿ ಹೀಗಾದಾಗ ಕೆಲವು ಹಳೇ ಸೆಟ್ಟುಗಳು 1999ಕ್ಕೆ ಹೋಗಿಬಿಟ್ಟವು. ಅಂಥದ್ದರಲ್ಲೂ ಜಾಗ ಸರಿಯಾಗೇ ತೋರಿಸಬಹುದು, ಆದರೆ ಭರತ ಇಳಿತದ ಪಟ್ಟಿ ತಾರೀಕು ನೋಡಿ ಲೆಕ್ಕ ಹಾಕುತ್ತದೆ. ತಾರೀಕೇ ತಪ್ಪಿದರೆ ಅದೂ ತಪ್ಪು.

ಕೇರಳ ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆಗೆ ಗೇಟಿದೆ, ಕಡಲಿಗಿಲ್ಲ. ಆದರೂ ದಡದಿಂದ 12 ನಾಟಿಕಲ್ ಮೈಲಿವರೆಗೆ ಮೀನುಗಾರಿಕೆಗೆ ಆಯಾ ರಾಜ್ಯದ್ದೇ ಕಾನೂನು. ಕೇರಳದ್ದು 1980ರದು, ಕರ್ನಾಟಕದ್ದು 1986ರದು. ಟ್ರಾಲಿಂಗ್ ನಿಷೇಧವೂ ಕರ್ನಾಟಕದಲ್ಲಿ 61 ದಿನ, ಕೇರಳದಲ್ಲಿ 52 ದಿನ. ಮಂಜೇಶ್ವರದ ಎದುರು ಬಲೆ ಎಳೆಯುವವರು ಗಡಿಯ ಅಕ್ಷಾಂಶವನ್ನು ಸೆಟ್ಟಿನಲ್ಲಿ ಗೆರೆ ಮಾಡಿಟ್ಟುಕೊಂಡರೆ ದಂಡ ತಪ್ಪುತ್ತದೆ.

ಕೊನೆಗೆ ಒಂದು ಗುಂಡಿ, ದೋಣಿಯಲ್ಲಿರುವ ಎಲ್ಲರಿಗೂ ಗೊತ್ತಿರಬೇಕಾದ್ದು. ಅದರ ಹೆಸರು ಎಂಒಬಿ, ಮ್ಯಾನ್ ಓವರ್‌ಬೋರ್ಡ್. ಯಾರಾದರೂ ನೀರಿಗೆ ಬಿದ್ದರೆ ಒಬ್ಬರು ಕೂಗಬೇಕು, ತೇಲುವಂಥದ್ದು ಏನಾದರೂ ಎಸೆಯಬೇಕು, ಒಬ್ಬರು ಬೆರಳು ತೋರಿಸುತ್ತಲೇ ಇರಬೇಕು, ಇನ್ನೊಬ್ಬರು ಆ ಗುಂಡಿ ಒತ್ತಬೇಕು. ಬಿದ್ದ ಜಾಗ ಸೆಟ್ಟಿನಲ್ಲಿ ಉಳಿಯುತ್ತದೆ. ಆದರೆ ಮನುಷ್ಯ ಅಲ್ಲೇ ಉಳಿಯುವುದಿಲ್ಲ. ಒಂದು ನಾಟ್ ಸೆಳೆತದಲ್ಲಿ ಇಪ್ಪತ್ತು ನಿಮಿಷಕ್ಕೆ ಆರುನೂರು ಮೀಟರ್ ಸಾಗಿರುತ್ತಾನೆ. ಹಾಗಾಗಿ ಮಾರ್ಕಿನಿಂದ ಶುರು ಮಾಡಿ ಸೆಳೆತದ ದಿಕ್ಕಿಗೆ ಹುಡುಕಬೇಕು. ಕೋಸ್ಟ್ ಗಾರ್ಡಿಗೆ 1554ಕ್ಕೆ ಫೋನ್ ಮಾಡಿ ಅಥವಾ ವಿಎಚ್‌ಎಫ್ ವಯರ್‌ಲೆಸ್ಸಿನ 16ನೇ ಚಾನೆಲಿನಲ್ಲಿ ಹೇಳುವಾಗ ಜಾಗದ ಜೊತೆ ಗುಂಡಿ ಒತ್ತಿದ ಹೊತ್ತನ್ನೂ ಹೇಳಬೇಕು. ಅವರ ಲೆಕ್ಕ ಶುರುವಾಗುವುದು ಅಲ್ಲಿಂದ.