ವಿಜ್ಞಾನ ಒಪ್ಪಿದವರು ದೇವರನ್ನು ನಂಬಬಹುದಾ?

ಮತ್ತೆ ಅದೇ ಪ್ರಶ್ನೆ. ಚಿಕ್ಕ ಉತ್ತರ: ನಂಬಬಹುದು, ನಂಬಿದವರೂ ಬೇಕಾದಷ್ಟಿದ್ದಾರೆ. 1979ರ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡವರಲ್ಲಿ ಅಬ್ದುಸ್ ಸಲಾಂ ದೈವಭಕ್ತರು, ಸ್ಟೀವನ್ ವೈನ್‌ಬರ್ಗ್ ನಾಸ್ತಿಕರು. ಬೇರೆ ಬೇರೆಯಾಗಿ ಕೂತು ಲೆಕ್ಕ ಹಾಕಿ ಇಬ್ಬರೂ ತಲುಪಿದ್ದು ಒಂದೇ ಸಿದ್ಧಾಂತಕ್ಕೆ. ಸಮೀಕರಣಕ್ಕೆ ಅವರವರ ದೇವರ ಸುದ್ದಿ ಬೇಕಾಗಲಿಲ್ಲ.

ಇಷ್ಟು ಹೇಳಿದರೆ ಸಾಕಾಗೋದಿಲ್ಲ ಅಂತ ಗೊತ್ತು. "ಭೂಮಿ ದುಂಡಗಿದೆ ಅಂದಿದ್ದಕ್ಕೆ ಗೆಲಿಲಿಯೋನನ್ನು ಚರ್ಚ್ ಸುಟ್ಟು ಕೊಂದಿತಲ್ಲ ಸಾರ್!" ಅಂತ ಯಾರಾದರೂ ಬಂದೇ ಬರುತ್ತಾರೆ.

ಒಂದೇ ವಾಕ್ಯ, ಎರಡು ತಪ್ಪು. ಭೂಮಿ ದುಂಡಗಿರುವುದು ಗೆಲಿಲಿಯೋ ಹುಟ್ಟುವ ಎಷ್ಟೋ ಶತಮಾನ ಮೊದಲೇ ಓದಿದವರಿಗೆಲ್ಲ ಗೊತ್ತಿತ್ತು. ಗ್ರೀಕ್ ಪಂಡಿತ ಎರಾಟೊಸ್ತನೀಸ್ ಕ್ರಿಸ್ತಪೂರ್ವದಲ್ಲೇ ನೆರಳು ಅಳೆದು ಅದರ ಸುತ್ತಳತೆ ಲೆಕ್ಕ ಹಾಕಿದ್ದ. ಇನ್ನು ಸುಟ್ಟಿದ್ದು ಇಟಲಿಯ ತತ್ವಜ್ಞಾನಿ ಬ್ರೂನೋನನ್ನು, 1600ರಲ್ಲಿ. ಆ ಕೇಸೇ ಬೇರೆ. ಗೆಲಿಲಿಯೋ ಸತ್ತಿದ್ದು 1642ರಲ್ಲಿ, 77ನೇ ವಯಸ್ಸಿಗೆ, ಗೃಹಬಂಧನದಲ್ಲಿ, ತನ್ನ ಮನೆಯಲ್ಲೇ.

ಜಗಳ ಇದ್ದದ್ದು ಭೂಮಿ ಸುತ್ತುತ್ತದೋ ಇಲ್ಲವೋ ಅಂತ. ಅದರಲ್ಲಿ ವಿಜ್ಞಾನವೆಲ್ಲ ಒಂದು ಕಡೆ, ಧರ್ಮವೆಲ್ಲ ಇನ್ನೊಂದು ಕಡೆ ಇರಲಿಲ್ಲ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದು. ಬೆರಳು ಪಕ್ಕಕ್ಕೆ ಜಿಗಿದ ಹಾಗೆ ಕಾಣುತ್ತದೆ, ಅಲ್ವಾ? ಭೂಮಿ ಸೂರ್ಯನನ್ನು ಸುತ್ತುತ್ತಿದ್ದರೆ ಆರು ತಿಂಗಳಿಗೊಮ್ಮೆ ಹತ್ತಿರದ ನಕ್ಷತ್ರಗಳೂ ಹೀಗೇ ಜಿಗಿಯಬೇಕು. ಎಷ್ಟು ನೋಡಿದರೂ ಜಿಗಿತ ಕಾಣಲಿಲ್ಲ. ನಕ್ಷತ್ರಗಳು ಅಷ್ಟು ದೂರ! ಜರ್ಮನ್ ಖಗೋಳಜ್ಞ ಬೆಸೆಲ್ ಆ ಜಿಗಿತವನ್ನು ಅಳೆದು ತೋರಿಸಿದ್ದು 1838ರಲ್ಲಿ. ಅಂದರೆ ಖಗೋಳ ಬಲ್ಲವರಿಗೂ ಅನುಮಾನಪಡಲು ಕಾರಣವಿತ್ತು. ಭೂಮಿಯ ಚಲನೆಯಿಂದಲೇ ಸಮುದ್ರದ ಉಬ್ಬರವಿಳಿತ ಆಗುತ್ತದೆ ಅಂತ ಗೆಲಿಲಿಯೋ ತನ್ನ ಗಟ್ಟಿ ಪುರಾವೆ ಅಂದುಕೊಂಡಿದ್ದ ವಾದವಂತೂ ಪೂರ್ತಿ ತಪ್ಪು. ಈ ಭಾಗ ಹೇಳಿದರೆ ಕೆಲವರಿಗೆ ಯಾಕೋ ಬೇಜಾರಾಗುತ್ತದೆ.

ಹಾಗಂತ ಚರ್ಚಿನವರು ಮಾಡಿದ್ದು ಸರಿ ಅನ್ನುತ್ತಿಲ್ಲ. ವಾದಕ್ಕೆ ವಾದ ಕೊಡುವುದು ಬಿಟ್ಟು ಪುಸ್ತಕ ನಿಷೇಧಿಸಿದರು. 1633ರಲ್ಲಿ 69 ವರ್ಷದ ಮುದುಕನನ್ನು ಮಂಡಿಯೂರಿಸಿ "ನಾನು ಹೇಳಿದ್ದು ತಪ್ಪು" ಅನ್ನಿಸಿದರು. ಅವನೋ, ಆಗಲೂ ದೇವರನ್ನು ನಂಬುವವನೇ!

ಯಾರೂ ಕೇಳದ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಧರ್ಮವನ್ನು ವಿಜ್ಞಾನ ಹೊಡೆದುಹಾಕುತ್ತದೆ ಅನ್ನುವವರಿಗಿಂತ, ವಿಜ್ಞಾನದಿಂದಲೇ ಧರ್ಮಕ್ಕೆ ಸರ್ಟಿಫಿಕೇಟ್ ಬರೆಸಿಕೊಳ್ಳಲು ಓಡುವವರು ನನಗೆ ಜಾಸ್ತಿ ತಲೆನೋವು. "ಇದೆಲ್ಲ ನಮ್ಮ ಗ್ರಂಥದಲ್ಲಿ ಮೊದಲೇ ಇತ್ತು" ಅನ್ನುವ ಪೈಕಿ. ಸರಿ, ನಾಳೆ ಆ ಸಿದ್ಧಾಂತ ಬಿದ್ದುಹೋದರೆ ಗ್ರಂಥವನ್ನು ಏನು ಮಾಡುತ್ತೀರಿ?

ವಿಶ್ವ ಒಂದು ಪುಟ್ಟ 'ಆದಿ ಪರಮಾಣು'ವಿನಿಂದ ಶುರುವಾಯಿತು ಅಂತ 1931ರಲ್ಲಿ ಹೇಳಿದ ಭೌತವಿಜ್ಞಾನಿ ಲೆಮೇತ್ರ್ ಸ್ವತಃ ಪಾದ್ರಿ. 1951ರಲ್ಲಿ ಪೋಪರು ಇಂಥ ಸಂಶೋಧನೆಗಳಲ್ಲಿ ದೇವರ ಸೃಷ್ಟಿಗೆ ಸಾಕ್ಷಿ ಕಂಡರು. ಪಾದ್ರಿಗೆ ಅದು ಹಿಡಿಸಲಿಲ್ಲ. ತನ್ನ ಸಿದ್ಧಾಂತವನ್ನು ಧರ್ಮದ ಪ್ರಶ್ನೆಗಳಿಂದ ಅವರು ದೂರವೇ ಇಟ್ಟರು. ಅದಕ್ಕೆ ಬೇಕಿದ್ದ ಸಾಕ್ಷಿ, ಅಂದರೆ ವಿಶ್ವದ ಶುರುವಿನ ಬಿಸಿಯಿಂದ ಉಳಿದ ಮಂದ ವಿಕಿರಣ, ಸಿಕ್ಕಿದ್ದು ಒಂದು ರೇಡಿಯೋ ಆಂಟೆನಾದಲ್ಲಿ. 1966ರಲ್ಲಿ, ಸಾಯುವ ಸ್ವಲ್ಪ ದಿನ ಮೊದಲು, ಆ ಸುದ್ದಿ ಅವರ ಕಿವಿಗೆ ಬಿತ್ತು.